ಹೊನ್ನಾಳಿ ಟೆಂಟಿನಲ್ಲಿ ತೋರಿಸದ ಕೊನೆಯ ರೀಲು

ಸಿನಿಮಾ ನೋಡಿಕೊಂಡು ಬಂದು, ಹೇಗಿತ್ತು ಅಂತ ಕೇಳಿದರೆ 'ಪರವಾಗಿಲ್ಲ' ಅನ್ನುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಆಗುವುದಿಲ್ಲ. ಮೂರು ಗಂಟೆ ಕೂತು ನೋಡಿದ್ದಕ್ಕೆ ಒಂದು ಮಾತು ಬೇಡವೇ? ಚೆನ್ನಾಗಿದ್ದರೆ ಯಾಕೆ ಚೆನ್ನಾಗಿತ್ತು, ಕೆಟ್ಟಿದ್ದರೆ ಎಲ್ಲಿ ಕೆಟ್ಟಿತು, ಅಷ್ಟಾದರೂ ಹೇಳಬೇಕು. ಇಂಥ ನಾನು ಮದುವೆಯಾದದ್ದು 'ಪರವಾಗಿಲ್ಲ' ಅನ್ನುವ ಮನುಷ್ಯನನ್ನು. ಸಾರು, ಸೆಕೆ, ಜ್ವರ, ಸಿನಿಮಾ, ಯಾವುದನ್ನು ಕೇಳಿದರೂ ಅವರದು ಅದೊಂದೇ ಉತ್ತರ.

ನನಗೆ ಈ ಚಟ ಹಿಡಿಸಿದವರು ಅಪ್ಪ. ಚನ್ನಗಿರಿಯಲ್ಲಿ ಅವರದು ಟೈಲರ್ ಅಂಗಡಿ. ವಾರಕ್ಕೊಂದು ಸಲ ಮಷಿನ್ನಿಗೆ ಬಟ್ಟೆ ಹೊದಿಸಿ ನನ್ನನ್ನು ಟೆಂಟಿಗೆ ಕರೆದುಕೊಂಡು ಹೋಗುತ್ತಿದ್ದರು. ಒಳಗೆ ಹೋದ ಮೇಲೆ ಅವರು ಗಂಡಸರ ಕಡೆ, ನಾನು ಹೆಂಗಸರ ಕಡೆ, ನಡುವೆ ಸೊಂಟದೆತ್ತರದ ತಡಿಕೆ. ಸಿನಿಮಾ ತೋರಿಸುವ ಮಷಿನ್ ಒಂದೇ ಇದ್ದದ್ದರಿಂದ ಪ್ರತಿ ರೀಲು ಮುಗಿದಾಗಲೂ ದೀಪ ಹಾಕುತ್ತಿದ್ದರು. ಆಗ ನಾನು ಎದ್ದು ನಿಂತು ಅಪ್ಪನನ್ನು ಹುಡುಕುತ್ತಿದ್ದೆ. ಅವರು ಅಲ್ಲಿಂದಲೇ ಕೈ ತಿರುವಿ 'ಏನಿದು?' ಅಂತ ಕೇಳುತ್ತಿದ್ದರು, ನಾನು ಮೂಗು ಮುರಿದು ತೋರಿಸುತ್ತಿದ್ದೆ. ಸಿನಿಮಾ ಬಿಟ್ಟ ಮೇಲೆ ಮನೆಯವರೆಗೆ ಜಗಳ. ಕಷ್ಟದಲ್ಲಿರುವ ತಾಯಿ ಹೊಲಿಗೆ ಮಷಿನ್ ತುಳಿದು ಮಗನನ್ನು ಓದಿಸುವ ಸಿನಿಮಾ ಆಗ ತಿಂಗಳಿಗೊಂದು ಬರುತ್ತಿತ್ತು. ಒಂದರಲ್ಲಿ ಸೂಜಿಗೆ ದಾರವನ್ನೇ ಪೋಣಿಸಿರಲಿಲ್ಲ. ಟೆಂಟಿನ ತುಂಬ ಜನ ಅಳುತ್ತಿದ್ದರೆ ಅಪ್ಪ ತಡಿಕೆಯ ಆಚೆಯಿಂದ ಜೋರಾಗಿ "ದಾರ ಇಲ್ಲ ಕಣವ್ವ, ದಾರ ಇಲ್ಲ!" ಅಂದರು. ಅಕ್ಕಪಕ್ಕದವರು ಬೈದು ಕೂರಿಸಿದರು. ಆ ಸಿನಿಮಾದ ಬಗ್ಗೆ ಅದಕ್ಕಿಂತ ಹೆಚ್ಚಿಗೆ ಹೇಳುವಂಥದ್ದು ಏನೂ ಇರಲಿಲ್ಲ ಅಂತ ನಾನು ಈಗಲೂ ನಂಬಿದ್ದೇನೆ.

ಮುಂದೆ ನಾನು ನರ್ಸಿಂಗ್ ಓದಿ, ಎಪ್ಪತ್ತರ ದಶಕದ ನಡುವಿನಲ್ಲಿ ಹೊನ್ನಾಳಿಯ ಸರ್ಕಾರಿ ಆಸ್ಪತ್ರೆಗೆ ಸೇರಿದೆ. ಆಮೇಲಂತೂ ಆಸ್ಪತ್ರೆ ಬರುವ ಸಿನಿಮಾಗಳನ್ನು ನೆಮ್ಮದಿಯಾಗಿ ನೋಡುವುದೇ ಕಷ್ಟವಾಯಿತು. ಬಡಿದಾಟದಲ್ಲಿ ತಲೆ ಒಡೆಸಿಕೊಂಡ ನಾಯಕನಿಗೆ ಇಸ್ತ್ರಿ ಮಾಡಿದಂಥ ಬ್ಯಾಂಡೇಜು, ಹಣೆಯ ನಟ್ಟನಡುವೆ ಕುಂಕುಮದ ಹಾಗೆ ಒಂದು ಕೆಂಪು ಚುಕ್ಕಿ. ಹಾಗೆ ಕಟ್ಟಿದ್ದರೆ ನಮ್ಮ ಡಾಕ್ಟರು ನನ್ನನ್ನು ವಾರ್ಡಿನಿಂದ ಆಚೆ ಕಳಿಸುತ್ತಿದ್ದರು. ಹೆರಿಗೆ ಅಂದರೆ ಯಾರೋ ಬಿಸಿನೀರು ತನ್ನಿ ಅನ್ನಬೇಕು, ಬಾಗಿಲು ಮುಚ್ಚಬೇಕು, ಮಗು ಅಳಬೇಕು. ಆ ಬಿಸಿನೀರನ್ನು ಏನು ಮಾಡಿದರು ಅಂತ ಒಂದು ಸಿನಿಮಾದಲ್ಲೂ ತೋರಿಸಲಿಲ್ಲ. ಇನ್ನು ನರ್ಸು ಅಂದರೆ ತಟ್ಟೆ ಹಿಡಿದುಕೊಂಡು ಡಾಕ್ಟರ ಹಿಂದೆ ಓಡಾಡುವವಳು. ಅವಳಿಗೊಂದು ಮನೆಯಿದೆ, ಹಸಿವಿದೆ, ಊರಿಗೆ ಹೋಗುವ ಬಸ್ಸಿದೆ ಅಂತ ಕಥೆ ಬರೆದವನಿಗೆ ಹೊಳೆದಿರುವುದೇ ಇಲ್ಲ.

ನನಗಂತೂ ಬಸ್ಸಿತ್ತು. ಗಂಡನ ಮನೆ ಜಗಳೂರು. ಅವರು ಅಲ್ಲಿ ಹೈಸ್ಕೂಲಿನಲ್ಲಿ ಲೆಕ್ಕದ ಮೇಷ್ಟ್ರು. ಮೇಷ್ಟ್ರು ಸುಳ್ಳು ಹೇಳುವುದಿಲ್ಲ ಅನ್ನುವುದು ಊರಿಗೆಲ್ಲ ಗೊತ್ತಿದ್ದ ಮಾತು. ಶನಿವಾರ ಮಧ್ಯಾಹ್ನ ಡ್ಯೂಟಿ ಮುಗಿಸಿ ಹೊರಟರೆ ದಾವಣಗೆರೆಯಲ್ಲಿ ಬಸ್ಸು ಬದಲಿಸಿ ಜಗಳೂರು ಸೇರುವಾಗ ಸಂಜೆ ಐದೂವರೆ. ಸೋಮವಾರ ಬೆಳಗಿನ ಮೊದಲ ಬಸ್ಸಿಗೆ ವಾಪಸ್ಸು. ಮದುವೆಯಾಗಿ ಎರಡು ವರ್ಷ ಹೀಗೇ ನಡೆಯಿತು. ವರ್ಗಕ್ಕೆ ಅರ್ಜಿ ಹಾಕಿದ್ದೆ, ಆಗಿರಲಿಲ್ಲ.

ಆ ಎರಡು ವರ್ಷದಲ್ಲಿ ಅವರು ಒಂದು ಸಲವೂ ನನ್ನನ್ನು ಕರೆದುಕೊಂಡು ಹೋಗಲು ಬಸ್‌ಸ್ಟಾಂಡಿಗೆ ಬಂದವರಲ್ಲ. ನಾಚಿಕೆ. ಹುಡುಗರು ನೋಡುತ್ತಾರೆ, ಊರವರು ನೋಡುತ್ತಾರೆ, ಹೆಂಡತಿಯ ಚೀಲ ಹಿಡಿದುಕೊಂಡು ನಡೆದರೆ ನಾಳೆ ಕ್ಲಾಸಿನಲ್ಲಿ ಮಾತು. ನಾನು ಚೀಲ ಹೊತ್ತು, ಅಂಗಡಿ ಸಾಲಿನವರ ಕಣ್ಣೆಲ್ಲ ದಾಟಿಕೊಂಡು, ಒಬ್ಬಳೇ ಮನೆಗೆ ಹೋಗುತ್ತಿದ್ದೆ. ಒಳಗೆ ಕಾಲಿಟ್ಟ ಕೂಡಲೇ ಅತ್ತೆ "ಬಂದ್ಯಾ?" ಅನ್ನುತ್ತಿದ್ದರು. ನನ್ನ ಗಂಡ ಉತ್ತರ ಪತ್ರಿಕೆಯ ಕಟ್ಟಿನಿಂದ ತಲೆಯೆತ್ತಿ ನನ್ನನ್ನು ನೋಡಿ ಮತ್ತೆ ತಗ್ಗಿಸುತ್ತಿದ್ದರು. ಆ ನೋಟದಲ್ಲಿ ಸಂತೋಷ ಇರುತ್ತಿತ್ತು ಅಂತ ಈಗ ಅನ್ನಿಸುತ್ತದೆ. ಆಗ ನನಗೆ ಬೇಕಿದ್ದದ್ದು ಮಾತು.

ಅವರ ಬಳಿ ಒಂದು ಕರಿ ಛತ್ರಿ ಇತ್ತು. ಜಗಳೂರಿನಲ್ಲಿ ಛತ್ರಿ ಬೇಕಾಗುವುದು ಮಳೆಗಿಂತ ಬಿಸಿಲಿಗೆ. ಅದರ ಮರದ ಹಿಡಿ ಸೀಳಿ ಕೈಗೆ ಚುಚ್ಚುತ್ತಿತ್ತು. ಒಂದು ಭಾನುವಾರ ನಾನು ನನ್ನ ಚೀಲದಲ್ಲಿದ್ದ ಬ್ಯಾಂಡೇಜು ಬಟ್ಟೆಯನ್ನು ಆ ಹಿಡಿಗೆ ಬಿಗಿಯಾಗಿ ಸುತ್ತಿ, ಮುರಿದ ಕೈಗೆ ಕಟ್ಟುವ ಹಾಗೆ ಗಂಟು ಹಾಕಿ ಕೊಟ್ಟೆ. ಹೇಗಿದೆ ಅಂದೆ. "ಪರವಾಗಿಲ್ಲ" ಅಂದರು. ಆದರೆ ಆ ಬಟ್ಟೆ ಮಣ್ಣಿನ ಬಣ್ಣಕ್ಕೆ ತಿರುಗಿದರೂ ಬಿಚ್ಚಲು ಬಿಡಲಿಲ್ಲ.

ಮನಸ್ಸು ಮುರಿದದ್ದು ಒಂದು ಊಟದ ಹೊತ್ತಿನಲ್ಲಿ. ಅತ್ತೆ ಬಡಿಸುತ್ತಾ ಮಗನಿಗೆ, "ಎಷ್ಟು ದಿನ ಅಂತ ಹಿಂಗೆ? ಕೆಲ್ಸ ಬಿಟ್ಟು ಬಂದು ಮನ್ಯಾಗೆ ಇರಾಕೆ ಹೇಳು. ಇಲ್ಲಾಂದ್ರೆ ಅಲ್ಲೇ ಇರ್ಲಿ" ಅಂದರು. ನನಗೆ ಅತ್ತೆಯ ಮೇಲೆ ಸಿಟ್ಟು ಬರಲಿಲ್ಲ, ಅವರ ಕಾಲದ ಮಾತು ಅವರು ಆಡಿದರು. ನಾನು ಗಂಡನ ಮುಖ ನೋಡಿದೆ. ಬಿಡು ಅನ್ನಲಿ, ಬಿಡಬೇಡ ಅನ್ನಲಿ, ಏನೋ ಒಂದು ಅನ್ನಲಿ ಅಂತ ಕಾದೆ. ಅವರು ಮುದ್ದೆ ಮುರಿದು ಸಾರಿನಲ್ಲಿ ಅದ್ದಿ ನುಂಗಿದರು. ಸೋಮವಾರ ಬೆಳಿಗ್ಗೆ ಬಸ್ಸಿನಲ್ಲಿ ಕೂತಾಗ ನಿಶ್ಚಯ ಮಾಡಿದೆ. ಇನ್ನು ಅವರಾಗಿ ಬಾ ಅಂತ ಕರೆದರೆ ಮಾತ್ರ ಬರುವುದು. ಒಂದೇ ಒಂದು ಸಲ, ಒಂದು ಕಾರ್ಡಿನಲ್ಲಿ, ಎರಡಕ್ಷರ ಬರೆದರೂ ಸಾಕು.

ಮುಂದಿನ ಶನಿವಾರ ನಾನು ಹೋಗಲಿಲ್ಲ. ಹೊನ್ನಾಳಿಯ ಟೆಂಟಿಗೆ ಹೋದೆ.

ಆಮೇಲೆ ಅದೇ ರೂಢಿಯಾಯಿತು. ಶನಿವಾರಕ್ಕೆ ಹೊಸ ಸಿನಿಮಾ ಬರುತ್ತಿತ್ತು. ಐದೂವರೆಗೆ ಹೋಗಿ ಟಿಕೆಟ್ಟಿಗೆ ನಿಂತರೆ ಹೆಂಗಸರ ಕಡೆ ಬೆಂಚು ಸಿಗುತ್ತಿತ್ತು. ಒಂಟಿ ಹೆಂಗಸು ಪ್ರತಿ ವಾರ ಟೆಂಟಿಗೆ ಬರುವುದು ಆ ಊರಿಗೆ ಸರಿ ಕಾಣುತ್ತಿರಲಿಲ್ಲ, ಆದರೆ ಅರ್ಧ ಊರಿನ ಹೆರಿಗೆ ಮಾಡಿಸಿದ ನರ್ಸಮ್ಮನಿಗೆ ಎದುರು ನಿಂತು ಹೇಳುವವರು ಯಾರು? ಪಕ್ಕದಲ್ಲಿ ಕೂತವರು ದೂರ ಸರಿಯುತ್ತಿದ್ದರು, ಅಷ್ಟೆ. ರೀಲು ಬದಲಿಸುವಾಗ ದೀಪ ಹಾಕಿದರೆ ನನಗೆ ಅಭ್ಯಾಸಬಲದಿಂದ ಎದ್ದು ನಿಂತು ಗಂಡಸರ ಕಡೆ ನೋಡಬೇಕು ಅನ್ನಿಸುತ್ತಿತ್ತು. ಅಲ್ಲಿ ನೋಡಲು ಯಾರೂ ಇರಲಿಲ್ಲ. ಮೂಗು ಮುರಿದರೂ ಯಾರಿಗೆ ಮುರಿಯುವುದು?

ಹಾಗಾಗಿ ಕಾಗದ ಬರೆದೆ. ಭಾನುವಾರ ಬೆಳಿಗ್ಗೆ ಕೂತು ಹಿಂದಿನ ಸಂಜೆಯ ಸಿನಿಮಾವನ್ನು ಎಳೆ ಎಳೆಯಾಗಿ ಬಿಡಿಸಿ ಬೈದು, ಅಪರೂಪಕ್ಕೆ ಹೊಗಳಿ, ಜಗಳೂರಿಗೆ ಕಳಿಸುತ್ತಿದ್ದೆ. ಬೇರೆ ಯಾವ ವಿಷಯವನ್ನೂ ಬರೆಯುತ್ತಿರಲಿಲ್ಲ. ನಾಲ್ಕೇ ಸಾಲಿನ ಉತ್ತರ ಬರುತ್ತಿತ್ತು. ಸ್ಕೂಲಿನಲ್ಲಿ ಪರೀಕ್ಷೆ, ಇಲ್ಲಿ ಬಿಸಿಲು, ಅಮ್ಮನಿಗೆ ಮಂಡಿನೋವು, ನೀನು ಬರೆದ ಸಿನಿಮಾ ಇಲ್ಲಿಗೂ ಬಂದಿತ್ತು, ನೋಡಿದೆ, ಪರವಾಗಿಲ್ಲ. ಬಾ ಅನ್ನುವುದು ಇರುತ್ತಿರಲಿಲ್ಲ. ಸಿನಿಮಾದ ತಗಡಿನ ಪೆಟ್ಟಿಗೆ ಬಸ್ಸಿನ ಮೇಲೆ ಊರಿಂದೂರಿಗೆ ತಿರುಗುತ್ತಿತ್ತು. ಚನ್ನಗಿರಿಯಲ್ಲಿ ಓಡಿ ಹೊನ್ನಾಳಿಗೆ ಬಂದರೆ, ಇಲ್ಲಿಂದ ಎಷ್ಟೋ ಸಲ ಜಗಳೂರಿಗೆ. ನಾನು ಬೈದ ಸಿನಿಮಾವನ್ನು ಆ ಮನುಷ್ಯ ಹುಡುಕಿಕೊಂಡು ಹೋಗಿ ನೋಡುತ್ತಿದ್ದಾನೆ, ಯಾಕಿರಬಹುದು ಅಂತ ನಾನು ಯೋಚಿಸಲಿಲ್ಲ. ನಾಲ್ಕೇ ಸಾಲು ಅನ್ನುವ ಸಿಟ್ಟೇ ದೊಡ್ಡದಾಗಿತ್ತು.

ನಾಲ್ಕನೆಯ ಶನಿವಾರ ಬಂದದ್ದು ಹಾಡಿಲ್ಲದ ಒಂದು ಕಪ್ಪುಬಿಳುಪು ಸಿನಿಮಾ. ದಿಲ್ಲಿಯಲ್ಲಿ ಬಹುಮಾನ ಬಂದದ್ದಂತೆ. ಹಳ್ಳಿಯ ಒಬ್ಬ ಹೆಂಗಸು ಗಂಡನ ಮನೆ ಬಿಟ್ಟು ಪೇಟೆಗೆ ಬಂದು ಹಪ್ಪಳ ಲಟ್ಟಿಸಿ ಬದುಕುತ್ತಾಳೆ. ಬಡಿದಾಟ ಇಲ್ಲ, ಕೋರ್ಟಿಲ್ಲ, ಹೊಲಿಗೆ ಮಷಿನ್ನೂ ಇಲ್ಲ. ಮಳೆ ಬಂದರೆ ಹಪ್ಪಳ ಒಳಗಿಡುತ್ತಾಳೆ, ಬಿಸಿಲು ಬಂದರೆ ಹೊರಗಿಡುತ್ತಾಳೆ. ಹೊಟ್ಟೆಪಾಡು ಹೀಗೇ ಇರುತ್ತದೆ, ನನಗೆ ಗೊತ್ತು. ಕೊನೆಗೊಂದು ದಿನ ಬಟ್ಟೆ ಗಂಟು ಕಟ್ಟಿಕೊಂಡು, ಗಂಡನ ಊರಿಗೆ ಹೋಗುವ ರಸ್ತೆಯ ಪಕ್ಕ ಕಲ್ಲುಬೆಂಚಿನ ಮೇಲೆ ಬಂದು ಕೂರುತ್ತಾಳೆ. ದೂರದಲ್ಲಿ ಧೂಳು ಏಳುತ್ತದೆ. ಬಸ್ಸಿರಬಹುದು, ಇಲ್ಲದಿರಬಹುದು. ಅವಳು ಆ ಕಡೆ ನೋಡುತ್ತಾಳೆ. ಅಷ್ಟೇ, ದೀಪ ಬಂತು. ಪರದೆಯ ಮೇಲೆ ಟೆಂಟಿನವರು ಗಾಜಿನ ಮೇಲೆ ಕೈಯಲ್ಲಿ ಬರೆದಿಟ್ಟಿದ್ದ 'ವಂದನೆಗಳು' ಅನ್ನುವ ಸ್ಲೈಡು.

ಜನ ಕೂಗಾಡಿದರು, ಶಿಳ್ಳೆ ಹೊಡೆದರು. ನಾನು ಕೂತ ಜಾಗದಿಂದ ಏಳಲಿಲ್ಲ. ಇಂಥ ಸಿನಿಮಾ ನಾನು ಅಲ್ಲಿಯವರೆಗೆ ನೋಡಿರಲಿಲ್ಲ. ಹೊರಗೆ ಬರುವಾಗ ಗೇಟಿನವನನ್ನು ಕೇಳಿದೆ, ಇಷ್ಟೇನಾ ಅಂತ.

"ಇಷ್ಟೇ ಐತೆ ನರ್ಸಮ್ಮ. ಮುಗೀತಲ್ಲ, ಮನೀಗೆ ನಡೀರಿ."

"ಬಸ್ಸು ಬರೋದು ಇಲ್ವಾ?"

"ಬಸ್ಸು ಗಿಸ್ಸು ಏನಿಲ್ರೀ. ಪಿಚ್ಚರ್ ತೆಗೆದೋರೇ ಹಂಗೆ ತೆಗ್ದಾರೆ. ನಾವೇನು ಮಾಡಾಕೆ ಆಗ್ತೈತೆ?"

ಮರುದಿನ ಮೂರು ಪುಟ ಬರೆದೆ. ಬಸ್ಸು ಬರುವ ಮೊದಲೇ ಮುಗಿಸಿದ್ದು ಎಂಥ ಧೈರ್ಯ, ಬೇರೆ ಯಾರೇ ಆಗಿದ್ದರೂ ಅವಳನ್ನು ಮನೆಗೆ ಕರೆತಂದು ಗಂಡನ ಕಾಲಿಗೆ ಬೀಳಿಸಿ ಶಂಖ ಊದಿಸುತ್ತಿದ್ದರು ಅಂತೆಲ್ಲ ಬರೆದು, ಕೊನೆಯಲ್ಲಿ ಹೀಗೆ ಸೇರಿಸಿದೆ: 'ಅವಳು ಬಸ್ಸು ಹತ್ತುವುದಿಲ್ಲ, ಅದು ನನಗೆ ಗೊತ್ತು. ಯಾಕೆ ಹತ್ತಬೇಕು? ಬಾ ಎಂದು ಒಂದು ಮಾತು ಕರೆಯದ ಮನೆಗೆ ಯಾವ ಮುಖ ಇಟ್ಟುಕೊಂಡು ಹೋಗಬೇಕು?' ನಾನು ಬರೆದದ್ದು ಸಿನಿಮಾದ ಬಗ್ಗೆ ಮಾತ್ರ ಅಂತ ಹೇಳಿದರೆ ಸುಳ್ಳಾಗುತ್ತದೆ. ಅವರಿಗೆ ಅರ್ಥವಾಗಲಿ ಅಂತಲೇ ಬರೆದೆ. ಅರ್ಥವಾಗಿ, ಕರೆಯಲಿ ಅಂತ.

ಮೂರು ವಾರ ಉತ್ತರ ಬರಲಿಲ್ಲ. ಆಮೇಲೆ ಬಂದ ಕಾಗದ ಒಂದು ಇಡೀ ಪುಟ ಇತ್ತು. ಅಷ್ಟುದ್ದದ್ದನ್ನು ಅವರು ಅದಕ್ಕೂ ಮೊದಲು ಬರೆದಿರಲಿಲ್ಲ.

'ನೀನು ಬರೆದ ಸಿನಿಮಾ ಇಲ್ಲಿಗೂ ಬಂತು. ನೀನು ಪೂರ್ತಿ ನೋಡಿಲ್ಲ ಅನ್ನಿಸುತ್ತದೆ. ಬಸ್ಸು ಬರುತ್ತದೆ. ಅವಳು ಹತ್ತುತ್ತಾಳೆ. ಸಂಜೆ ಊರಲ್ಲಿ ಇಳಿಯುತ್ತಾಳೆ. ಬಸ್‌ಸ್ಟಾಂಡಿನಲ್ಲಿ ಅವಳ ಗಂಡ ಛತ್ರಿ ಹಿಡಿದು ನಿಂತಿರುತ್ತಾನೆ. ಛತ್ರಿಯ ಹಿಡಿಗೆ ಬಟ್ಟೆ ಸುತ್ತಿದೆ. ಬಸ್ಸು ಬರುವುದಕ್ಕೆ ಬಹಳ ಮುಂಚೆಯೇ ಬಂದು ನಿಂತಿರುತ್ತಾನೆ. ಅಂಗಡಿಯವರು ನೋಡುತ್ತಾರೆ, ನೋಡಲಿ. ಅವನು ಮಾತಾಡುವುದಿಲ್ಲ. ಅವಳ ಕೈಯಿಂದ ಚೀಲ ತೆಗೆದುಕೊಳ್ಳುತ್ತಾನೆ. ಇಬ್ಬರೂ ಮನೆಗೆ ನಡೆಯುತ್ತಾರೆ. ಸಿನಿಮಾ ಚೆನ್ನಾಗಿತ್ತು.'

ಎರಡು ವರ್ಷದಲ್ಲಿ ಮೊದಲ ಸಲ ಅವರು ಒಂದು ಸಿನಿಮಾ ಚೆನ್ನಾಗಿತ್ತು ಅಂದಿದ್ದರು. ನನಗೆ ಕಂಡದ್ದು ಅದಲ್ಲ. ಆ ಬಟ್ಟೆ ಸುತ್ತಿದ ಛತ್ರಿ ಕಂಡಿತು. ಅದು ನಮ್ಮ ಮನೆಯ ಛತ್ರಿ, ಗಂಟು ಹಾಕಿದವಳು ನಾನು. ಮೈಯೆಲ್ಲ ಉರಿಯಿತು. ಬಾ ಅನ್ನಲು ಬಾಯಿ ಬಾರದೆ, ಯಾರೋ ಕಷ್ಟಪಟ್ಟು ತೆಗೆದ ಸಿನಿಮಾಕ್ಕೆ ತಾನೊಂದು ಬಾಲ ಅಂಟಿಸಿ ಕಳಿಸಿದ್ದಾರೆ. ಅದೂ ಎಂಥ ಬಾಲ! ನಾನು ಬೈದ ಎಲ್ಲ ಸಿನಿಮಾದ ಕೊನೆಯ ಹಾಗೇ ಇರುವ ಬಾಲ. ಗೇಟಿನವನೇ ಹೇಳಿದ್ದಾನೆ, ಬಸ್ಸಿಲ್ಲ ಅಂತ. ಊರಿಗೆಲ್ಲ ಸತ್ಯವಂತ, ಹೆಂಡತಿಗೆ ಮಾತ್ರ ಸುಳ್ಳು.

ಅದೇ ದಿನ ಉತ್ತರ ಬರೆದು ಹಾಕಿದೆ. 'ನಿಮಗೆ ಬೇಕಾದ ಹಾಗೆ ಸಿನಿಮಾ ತಿದ್ದಬೇಡಿ. ನಿಮ್ಮ ಬೋರ್ಡಿನ ಮೇಲಿನ ಲೆಕ್ಕ ಅಲ್ಲ ಅದು. ಬಸ್‌ಸ್ಟಾಂಡಿಗೆ ಒಂದು ದಿನ ಬಾರದವರು ಕಾಗದದಲ್ಲಿ ಛತ್ರಿ ಹಿಡಿದು ನಿಂತರೆ ನಾನು ನಂಬುವುದಿಲ್ಲ.'

ಆಮೇಲೆ ಅಲ್ಲಿಂದ ಕಾಗದ ಬರಲಿಲ್ಲ. ನಾನೂ ಬರೆಯಲಿಲ್ಲ.

ಹೀಗೆ ಒಂಬತ್ತು ವರ್ಷ ಹೋಯಿತು. ಹೇಳಿದರೆ ಯಾರೂ ನಂಬುವುದಿಲ್ಲ, ಒಂದು ಸಿನಿಮಾದ ಕೊನೆಯ ಮೇಲೆ ಗಂಡ ಹೆಂಡತಿ ಬೇರೆಯಾದರು ಅಂತ. ಅದಕ್ಕೇ ಯಾರಿಗೂ ಹೇಳಲಿಲ್ಲ. ಕೋರ್ಟು ಕಚೇರಿ ಏನೂ ಆಗಲಿಲ್ಲ, ಅವರು ಬೇರೆ ಮದುವೆಯನ್ನೂ ಮಾಡಿಕೊಳ್ಳಲಿಲ್ಲ. ಅಪ್ಪ ಒಮ್ಮೆ ಜಗಳೂರಿಗೆ ಹೋಗಿ ಬಂದು, "ಮನುಷ್ಯ ಒಳ್ಳೇನು ಕಣವ್ವ. ಮಾತು ಕಮ್ಮಿ. ನೀನೇ ಒಂದು ಸಲ ಹೋಗಿ ಬಾ" ಅಂದರು. ಕರೆಯಲಿ ಹೋಗುತ್ತೇನೆ ಅಂದೆ. ಅಪ್ಪ ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣವನ್ನು ಬೆರಳಲ್ಲಿ ತಿರುಗಿಸುತ್ತಾ ಕೂತಿದ್ದರು. ಅವರು ನನ್ನೊಂದಿಗೆ ಜಗಳವಾಡದೆ ಎದ್ದುಹೋದದ್ದು ಅವತ್ತು ಒಂದೇ ದಿನ.

ಎಂಬತ್ತರ ದಶಕದಲ್ಲಿ ನನ್ನನ್ನು ನ್ಯಾಮತಿಗೆ ವರ್ಗ ಮಾಡಿದರು. ನಾನಿದ್ದ ಬೀದಿಯಲ್ಲಿ ಮೊದಲ ಟಿವಿ ತಂದವಳು ನಾನು. ಎರಡು ಬಾಗಿಲು ಎಳೆದು ಮುಚ್ಚುವ ಮರದ ಪೆಟ್ಟಿಗೆ, ಕಪ್ಪುಬಿಳುಪು. ಹೆಂಚಿನ ಮೇಲೆ ಬಿದಿರು ಕಟ್ಟಿ ಏರಿಸಿದ ಆಂಟೆನಾ ಗಾಳಿಗೆ ತಿರುಗಿಕೊಂಡರೆ ಪರದೆಯ ತುಂಬ ರಾಗಿ ಚೆಲ್ಲಿದ ಹಾಗೆ ಕಾಣುತ್ತಿತ್ತು. ಭಾನುವಾರ ಬೆಳಿಗ್ಗೆ ಪುರಾಣದ ಧಾರಾವಾಹಿಗೆ ಬಾಗಿಲ ಮುಂದೆ ನಲವತ್ತು ಜೋಡಿ ಚಪ್ಪಲಿ ಸೇರುತ್ತಿದ್ದವು. ಸೂರಗೊಂಡನಕೊಪ್ಪದಿಂದ ಮಗಳನ್ನು ಆಸ್ಪತ್ರೆಗೆ ಹೆರಿಗೆಗೆ ಕರೆತಂದಿದ್ದ ತಾಯಂದಿರು ಕೂಡ, ಮಗಳನ್ನು ಒಂದು ಗಳಿಗೆ ಮಂಚದ ಮೇಲೆ ಬಿಟ್ಟು ನೋಡಲು ಬರುತ್ತಿದ್ದರು. ನಾನು ಬೈದು ವಾಪಸ್ಸು ಕಳಿಸುತ್ತಿದ್ದೆ.

ಟಿವಿಯ ಬಗ್ಗೆಯೂ ನನ್ನ ತಕರಾರು ಸಣ್ಣದೇನಲ್ಲ. ಪುರಾಣದಲ್ಲಿ ಬಾಣ ಬಿಟ್ಟರೆ ಅದು ಎದುರಾಳಿಯನ್ನು ಮುಟ್ಟುವಷ್ಟರಲ್ಲಿ ನಾವು ಕಾಫಿ ಕುಡಿದು ಲೋಟ ತೊಳೆದಿಡಬಹುದಿತ್ತು. ಹಿಂದಿ ಧಾರಾವಾಹಿಯ ಮನೆಗಳಲ್ಲಿ ಊಟದ ಮೇಜಿನ ಸುತ್ತ ಹನ್ನೆರಡು ಜನ ಕೂತು ಆಸ್ತಿಯ ಜಗಳ ಆಡುತ್ತಾರೆ, ಆಮೇಲೆ ಎದ್ದು ಹೋಗುತ್ತಾರೆ. ಆ ಪಾತ್ರೆಗಳನ್ನು ಯಾರು ತೊಳೆದರು? ಭಾಷೆ ಪೂರ್ತಿ ತಿಳಿಯದಿದ್ದರೂ ಇಷ್ಟು ಗೊತ್ತಾಗುತ್ತದೆ. ರೈತರ ಕಾರ್ಯಕ್ರಮ ಒಂದೇ ನನಗೆ ಹಿಡಿಸಿದ್ದು. ಅದರಲ್ಲಿ ಬದನೆಗೆ ಹುಳ ಹತ್ತಿದರೆ ನಿಜವಾದ ಹುಳ ತೋರಿಸುತ್ತಿದ್ದರು.

ಬೆಳಗಿನ ಜಾತ್ರೆ ಮುಗಿದು ಜನ ಹೋದ ಮೇಲೆ, ಮಧ್ಯಾಹ್ನ ಬೇರೆ ಬೇರೆ ಭಾಷೆಯ ಸಿನಿಮಾ ಬರುತ್ತಿತ್ತು. ಒಂದು ವಾರ ಬಂಗಾಳಿ, ಒಂದು ವಾರ ಮಲಯಾಳಂ, ಇನ್ನೊಂದು ವಾರ ಒರಿಯಾ, ಕೆಳಗೆ ಇಂಗ್ಲಿಷಿನಲ್ಲಿ ಅಕ್ಷರ. ನಾನು ಅರ್ಧ ಸಾಲು ಓದುವಷ್ಟರಲ್ಲಿ ಅದು ಮಾಯವಾಗುತ್ತಿತ್ತು. ಆದರೂ ಒಂದನ್ನೂ ಬಿಡುತ್ತಿರಲಿಲ್ಲ. ತಟ್ಟೆಯಲ್ಲಿ ಅನ್ನ ಹಾಕಿಕೊಂಡು ಟಿವಿಯ ಎದುರು ಕೂರುತ್ತಿದ್ದೆ. ಆ ಸಿನಿಮಾಗಳಲ್ಲಿ ಜನ ನನ್ನ ಹಾಗೇ ಒಬ್ಬೊಬ್ಬರೇ ಊಟ ಮಾಡುತ್ತಿದ್ದರು. ಕೆಲವು ನಿಜಕ್ಕೂ ಚೆನ್ನಾಗಿದ್ದವು, ಆದರೆ ಯಾಕೆ ಚೆನ್ನಾಗಿದ್ದವು ಅಂತ ಯಾರ ಹತ್ತಿರ ಹೇಳಲಿ? ಅಪ್ಪ ಅಷ್ಟರಲ್ಲಿ ಹೋಗಿಬಿಟ್ಟಿದ್ದರು. ಒಂದೊಂದು ಸಲ ಗೋಡೆಗೇ ಜೋರಾಗಿ ಹೇಳಿ, ನನ್ನ ದನಿಗೆ ನಾನೇ ಬೆಚ್ಚಿದ್ದುಂಟು.

ಕನ್ನಡದ ಸರದಿ ಬರುತ್ತಿದ್ದದ್ದು ತಿಂಗಳುಗಳಿಗೊಮ್ಮೆ. ಒಂದು ಭಾನುವಾರ ಕನ್ನಡ ಸಿನಿಮಾ ಇದೆ ಅಂತ ಎದುರು ಮನೆಯಾಕೆ ಊಟ ಮುಗಿಸಿ ಓಡಿ ಬಂದಳು. ಹತ್ತು ನಿಮಿಷ ನೋಡಿ ಎದ್ದಳು.

"ಹಾಡಿಲ್ಲ, ಏನಿಲ್ಲ, ಬರೀ ಹಪ್ಪಳ ಒಣಗಿಸಾದನ್ನ ಏನು ನೋಡ್ತೀರಿ? ನಾನು ಹೊಂಟೆ ಕಣ್ರೀ" ಅಂದಳು.

ನನಗೆ ಮೊದಲ ದೃಶ್ಯದಲ್ಲೇ ಗುರುತು ಸಿಕ್ಕಿತ್ತು. ಅದೇ ಸಿನಿಮಾ. ಬಾಗಿಲು ಹಾಕಿಕೊಂಡು ಬಂದು ಕೂತೆ. ತಟ್ಟೆಯ ಅನ್ನ ಆರಿತು. ಮಳೆಗೆ ಹಪ್ಪಳ ಒಳಗಿಟ್ಟಳು, ಬಿಸಿಲಿಗೆ ಹೊರಗಿಟ್ಟಳು. ಒಂದೊಂದು ದೃಶ್ಯವೂ ಬರುವ ಮುಂಚೆಯೇ ನನಗೆ ಗೊತ್ತಾಗುತ್ತಿತ್ತು. ಗಂಟು ಕಟ್ಟಿದಳು. ಕಲ್ಲುಬೆಂಚಿಗೆ ಬಂದು ಕೂತಳು. ದೂರದಲ್ಲಿ ಧೂಳು ಎದ್ದಿತು. ಇಲ್ಲಿಗೆ ಮುಗಿಯಬೇಕು ಅಂದುಕೊಂಡೆ. ಮುಗಿಯಲಿಲ್ಲ.

ಧೂಳಿನೊಳಗಿಂದ ಬಸ್ಸು ಬಂತು. ನಾನು ಎದ್ದು ನಿಂತುಬಿಟ್ಟೆ. ಬೇರೆ ದಿನ ಈ ಹೊತ್ತಿಗೆ ಹೋಗುವ ಕರೆಂಟು ಅವತ್ತು ಹೋಗಲಿಲ್ಲ. ಅವಳು ಬಸ್ಸು ಹತ್ತಿದಳು. ಕಿಟಕಿಯ ಪಕ್ಕ ಕೂತಳು. ಸಂಜೆ ಊರಲ್ಲಿ ಇಳಿದಳು. ನಾನು ಛತ್ರಿಗಾಗಿ ಪರದೆಯೆಲ್ಲ ಹುಡುಕಿದೆ. ಯಾರೂ ಬಂದಿರಲಿಲ್ಲ. ಒಬ್ಬಳೇ ಮನೆಗೆ ನಡೆದಳು, ಮುಂದಕ್ಕೆ ಮಾಡಿದ್ದ ಬಾಗಿಲು ತಳ್ಳಿದಳು, ಸೆರಗು ಸಿಕ್ಕಿಸಿ ಒಲೆಯ ಮುಂದೆ ಕೂತು ಊದಿದಳು. ಮುಕ್ತಾಯ ಅಂತ ಸಿನಿಮಾದ್ದೇ ಅಕ್ಷರ ಬಂತು.

ಮೊದಲು ಅಳು ಬಂತು. ತಡೆಯಲಾಗಲಿಲ್ಲ. ಅವರು ಸುಳ್ಳು ಹೇಳಿರಲಿಲ್ಲ. ಬಸ್ಸು ಬಂದಿತ್ತು, ಅವಳು ಹತ್ತಿದ್ದಳು. ಕೊನೆಯ ರೀಲಿನ ತಗಡಿನ ಡಬ್ಬಿ ಎಲ್ಲೋ ತಪ್ಪಿಹೋಗಿತ್ತು, ಅದನ್ನು ಮುಚ್ಚಿಡಲು ಗೇಟಿನವನೊಂದು ಮಾತು ಹೇಳಿದ, ಅವನನ್ನು ನಂಬಿ ನಾನು ಗಂಡನನ್ನು ಸುಳ್ಳುಗಾರ ಅಂದೆ. ಛತ್ರಿಯೊಂದನ್ನು ಅವರು ತಪ್ಪಾಗಿ ನೋಡಿರಬಹುದು. ಹಿಂದೆ ಕೂತು ನೋಡುವವರು, ಕಣ್ಣು ಮೊದಲೇ ಮಂದ. ಆಮೇಲೆ ಮುಖ ತೊಳೆದುಕೊಂಡು ಬಂದಾಗ, ಇದನ್ನೂ ಹೇಳಬೇಕು, ಸಿನಿಮಾದ ಮೇಲೆ ಸಿಟ್ಟು ಬಂತು. ಕೆಟ್ಟ ಕೊನೆ. ಅಷ್ಟು ದೂರ ಬಂದವಳು ಒಲೆ ಊದುತ್ತಾ ಕೂರುವುದಕ್ಕೆ ಎರಡು ಗಂಟೆ ಸಿನಿಮಾ ಬೇಕಿತ್ತಾ? ಹೊನ್ನಾಳಿಯಲ್ಲಿ ಅರಿವಿಲ್ಲದೆ ಕತ್ತರಿಸಿದ್ದೇ ಚೆನ್ನಾಗಿತ್ತು. ಇದನ್ನು ಹೇಳಲು ಜಗತ್ತಿನಲ್ಲಿ ಒಬ್ಬರೇ ಉಳಿದಿದ್ದರು.

ಕಾರ್ಡು ತೆಗೆದುಕೊಂಡು ಜಗಳೂರಿನ ಹೈಸ್ಕೂಲಿನ ವಿಳಾಸಕ್ಕೆ ಬರೆದೆ. 'ಟಿವಿಯಲ್ಲಿ ಆ ಸಿನಿಮಾ ಬಂತು. ನೀವು ಹೇಳಿದ್ದು ಸರಿ. ಅವಳು ಬಸ್ಸು ಹತ್ತುತ್ತಾಳೆ. ಆವತ್ತು ಬರೆದದ್ದಕ್ಕೆ ನನ್ನನ್ನು ಕ್ಷಮಿಸಬೇಕು. ಆದರೆ ಬಸ್‌ಸ್ಟಾಂಡಿಗೆ ಯಾರೂ ಬಂದಿರುವುದಿಲ್ಲ, ಛತ್ರಿಯೂ ಇಲ್ಲ. ಕೊನೆ ನನಗೆ ಹಿಡಿಸಲಿಲ್ಲ.'

ಹನ್ನೊಂದನೆಯ ದಿನ ಉತ್ತರ ಬಂತು. ಬೋರ್ಡಿನ ಮೇಲೆ ಬರೆದಂಥ ಅದೇ ದುಂಡು ಅಕ್ಷರ.

'ಕಾರ್ಡು ತಲುಪಿತು. ನನ್ನ ಮನೆಯಲ್ಲಿ ಟಿವಿ ಇಲ್ಲ. ಆ ಸಿನಿಮಾದ ಕೊನೆ ಏನು ಎಂದು ನಿನ್ನ ಕಾರ್ಡು ಬಂದ ಮೇಲೇ ಗೊತ್ತಾಯಿತು. ಇಲ್ಲಿಗೆ ಬಂದ ಪೆಟ್ಟಿಗೆಯಲ್ಲೂ ಕೊನೆಯ ರೀಲು ಇರಲಿಲ್ಲ. ಹೊನ್ನಾಳಿಯಿಂದಲೇ ಬಂದಿಲ್ಲ ಎಂದು ಟೆಂಟಿನವರು ಹೇಳಿದರು. ಕಲ್ಲುಬೆಂಚಿನವರೆಗೆ ನಾನೂ ನೋಡಿದೆ. ಅವಳು ಬಸ್ಸು ಹತ್ತಿದಳು ಎಂದು ಬರೆದದ್ದು ಸುಳ್ಳು. 

ಛತ್ರಿಯದು ಸುಳ್ಳಲ್ಲ. ನೀನು ಬರುವುದು ನಿಂತ ಮೇಲೆ ಎಂಟು ಶನಿವಾರ ಐದೂವರೆಯ ಬಸ್ಸಿಗೆ ಹೋಗಿ ನಿಂತಿದ್ದೆ. ನಂಬುವುದಿಲ್ಲ ಎಂದು ನೀನು ಬರೆದ ಕಾಗದ ಬಂದ ಮೇಲೆ ಹೋಗಲಿಲ್ಲ. ನನಗೆ ಕರೆಯಲು ಬರುವುದಿಲ್ಲ. ಬಂದು ನಿಲ್ಲಲು ಬರುತ್ತಿತ್ತು. ಅಮ್ಮ ಹೋಗಿ ಮೂರು ವರ್ಷವಾಯಿತು. ನಿನ್ನ ಆರೋಗ್ಯ ನೋಡಿಕೋ.'

ಆಮೇಲೆ ಜಗಳೂರಿಗೆ ಹೋದೆಯಾ ಅಂತ ಯಾರಾದರೂ ಕೇಳಬಹುದು. ಬಾಳಲು ಹೋಗಲಿಲ್ಲ. ಅವರ ತಂಗಿಯ ಸಂಸಾರ ಅಷ್ಟರಲ್ಲಿ ಆ ಮನೆಗೆ ಬಂದು ನೆಲೆಸಿತ್ತು, ನನಗೆ ನ್ಯಾಮತಿಯ ಕೆಲಸವಿತ್ತು, ಇಬ್ಬರಿಗೂ ನಲವತ್ತು ಹತ್ತಿರವಾಗಿತ್ತು. ಬಾ ಅಂತ ಅವರು ಈಗಲೂ ಬರೆದಿರಲಿಲ್ಲ, ಬರುತ್ತೇನೆ ಅಂತ ನಾನೂ ಬರೆಯಲಿಲ್ಲ. ಕಾಗದ ಮಾತ್ರ ಮತ್ತೆ ಶುರುವಾಯಿತು. ನಾನು ಭಾನುವಾರದ ಸಿನಿಮಾದ ಕಥೆ ಬರೆದು ಬೈಯುತ್ತೇನೆ. ನೋಡದ ಸಿನಿಮಾಕ್ಕೆ ಅವರು 'ಹಾಗಾದರೆ ಪರವಾಗಿಲ್ಲ' ಅಂತ ಉತ್ತರ ಬರೆಯುತ್ತಾರೆ.

ಆ ಎಂಟು ಶನಿವಾರ ಸಂಜೆ ಐದೂವರೆಗೆ ನಾನು ಎಲ್ಲಿದ್ದೆ ಅಂತ ನನಗೆ ಚೆನ್ನಾಗಿ ಗೊತ್ತು. ಹೊನ್ನಾಳಿಯಲ್ಲಿ, ಬೆಂಚಿನ ಟಿಕೆಟ್ಟಿಗೆ ನಿಂತಿದ್ದೆ. ಎಂಟು ಶನಿವಾರ, ಎಂಟು ಸಿನಿಮಾ. ಯಾರಾದರೂ ಕೇಳಿದರೆ ಎಂಟನ್ನೂ ಈಗಲೂ ರೀಲು ರೀಲಾಗಿ ಹೇಳಬಲ್ಲೆ, ಎಲ್ಲಿ ಚೆನ್ನಾಗಿತ್ತು, ಎಲ್ಲಿ ಕೆಟ್ಟಿತು ಎಲ್ಲವನ್ನೂ. ಅದೇ ಹೊತ್ತಿಗೆ ಜಗಳೂರಿನ ಬಸ್‌ಸ್ಟಾಂಡಿನಲ್ಲಿ ಬಸ್ಸು ಖಾಲಿಯಾದ ಮೇಲೆ ಅವರು ಛತ್ರಿ ಮಡಿಸಿಕೊಂಡು ಹೇಗೆ ಮನೆಗೆ ನಡೆದರು, ಅಂಗಡಿಯವರು ಏನಂದರು, ಅದನ್ನು ಮಾತ್ರ ನಾನು ನೋಡಲಿಲ್ಲ.